ತುಂಗೆಯ ಹರಿವು ಮಾದರಿಯಲ್ಲಿ ಕಡಿಮೆ ಬರುತ್ತಿದೆ, ಯಂತ್ರಕಲಿಕೆ ಸೇರಿಸಿದರೆ ಸರಿಯಾದೀತೇ?

ಮಳೆಯಿಂದ ನದಿಯ ಹರಿವನ್ನು ಲೆಕ್ಕ ಹಾಕುವ, ದೇಶಕ್ಕೆಲ್ಲ ಬಳಸುವ ಜಲಮಾದರಿಯನ್ನು ತುಂಗಾ ಕಣಿವೆಗೆ ಹೊಂದಿಸಿದಾಗ ಮಳೆಗಾಲದ ಹರಿವು ಅಳತೆಗಿಂತ ಕಡಿಮೆ ಬರುತ್ತಿದೆ ಎಂದಿದ್ದೀರಿ. ಎಂ.ಟೆಕ್. ಮಾಡುವಾಗ ನನ್ನ ಮುಂದಿದ್ದದ್ದೂ ಇದೇ ನದಿ, ಇದೇ ಕೊರತೆ. ಅಂಕಿಗಳಿಂದ ಗಣಕವೇ ಕಲಿಯುವ ಯಂತ್ರಕಲಿಕೆ (ಮಷೀನ್ ಲರ್ನಿಂಗ್) ಬೇಡವೇ ಬೇಡ.

ನಾನು ಬಳಸಿದ್ದು ಸ್ವಾಟ್ (SWAT) ಎಂಬ ಅಂಥದ್ದೇ ಜಲಮಾದರಿ. ಮಳೆಯ ಅಂಕಿಗಳನ್ನು ಉಪಗ್ರಹದಿಂದ ತೆಗೆದುಕೊಂಡೆ, ಏಕೆಂದರೆ ಒಂದು ದಿನವೂ ಖಾಲಿಯಿಲ್ಲದ ಕಡತ ಅದೊಂದೇ ಆಗಿತ್ತು. ಹರಿವು ಕಡಿಮೆ ಬಂದಾಗ ಆ ಕಡತವನ್ನು ಬಿಟ್ಟು ಮಣ್ಣನ್ನು ಅನುಮಾನಿಸಿದೆ. ಬಿದ್ದ ಮಳೆಯಲ್ಲಿ ಎಷ್ಟು ಇಂಗದೆ ಹರಿದುಹೋಗುತ್ತದೆ ಎಂದು ಹೇಳುವ ‘ಕರ್ವ್ ನಂಬರ್’ ಏರಿಸಿದೆ, ಇಂಗುವ ನೀರನ್ನೂ ಕಾಡಿನಿಂದ ಆವಿಯಾಗುವ ನೀರನ್ನೂ ತಗ್ಗಿಸುತ್ತ ಹೋದೆ. ಜುಲೈ, ಆಗಸ್ಟ್‌ನ ಏರಿಳಿತ ಅಳತೆಗೆ ಸರಿಯಾಗಿ ಕೂತಿತು. ಮಾರ್ಗದರ್ಶಕರೂ ಒಪ್ಪಿದರು.

ಇಲ್ಲಿ ಆದದ್ದನ್ನು ಬಿಡಿಸಿಯೇ ಹೇಳಬೇಕು. ಉಪಗ್ರಹವು ಬಹುಮಟ್ಟಿಗೆ ಮೋಡದ ನೆತ್ತಿ ಎಷ್ಟು ತಂಪಾಗಿದೆ ಎಂಬುದರಿಂದ ಮಳೆಯನ್ನು ಅಂದಾಜು ಮಾಡುತ್ತದೆ. ಕಡಲಿನಿಂದ ಬಂದು ಘಟ್ಟ ಹತ್ತುವ ಆಗುಂಬೆಯ ಮೋಡಗಳ ನೆತ್ತಿ ತಗ್ಗಿನಲ್ಲಿರುತ್ತದೆ, ಅಷ್ಟು ತಂಪಾಗಿರುವುದಿಲ್ಲ, ಆದರೂ ಅವು ಹಗಲಿರುಳು ಸುರಿಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ನಗರದಲ್ಲಿ 1,000ದ ಆಸುಪಾಸು. ಆ ಮೇಲ್ಘಟ್ಟದ ಮಳೆಯ ದೊಡ್ಡ ಪಾಲು ನನ್ನ ಕಡತಕ್ಕೆ ಬಂದೇ ಇರಲಿಲ್ಲ. ಬಾರದ ಮಳೆಯನ್ನು ಸರಿದೂಗಿಸಲು, ಬಂದಷ್ಟನ್ನೂ ನಾನು ಹೊಳೆಗೆ ಓಡಿಸಿದ್ದೆ. ಗುಡ್ಡದ ಹೊಟ್ಟೆಯಲ್ಲಿ ನೀರೇ ಉಳಿಯಲಿಲ್ಲ. ಬೇಸಿಗೆಯ ಹರಿವನ್ನು ಲೆಕ್ಕ ಹಾಕಿದಾಗ ಮಾದರಿಯು ಜನವರಿಯಲ್ಲೇ ಹಳ್ಳಗಳನ್ನು ಒಣಗಿಸಿತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಿಗೆ ಅದೇ ಹಳ್ಳಗಳಿಂದ ಪಂಪ್‌ಗಳು ನೀರೆತ್ತುತ್ತಿದ್ದವು! ಬೇಸಿಗೆಯ ಅಧ್ಯಾಯವನ್ನೇ ಕಿತ್ತುಹಾಕಬೇಕಾಯಿತು, ಪದವಿ ತಡವಾಯಿತು.

ಇದನ್ನು ಮುಚ್ಚಿಟ್ಟದ್ದು ಮಾದರಿಯ ಹರಿವು ಅಳತೆಗೆ ಎಷ್ಟು ಹೊಂದುತ್ತದೆ ಎಂದು ತೋರಿಸುವ, 1970ರಲ್ಲಿ ಬಂದು ಇಂದು ಬಹಳಷ್ಟು ಜನ ನೆಚ್ಚಿರುವ ನ್ಯಾಶ್–ಸಟ್‌ಕ್ಲಿಫ್ ಅಂಕ. ಅದು ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿಸುತ್ತದೆ. ಹಾಗಾಗಿ ಮಹಾಪೂರದ ದಿನಗಳು ಹೊಂದಿದರೆ ಸಾಕು, ಬೇಸಿಗೆ ಪೂರ್ತಿ ತಪ್ಪಿದ್ದರೂ ಅಂಕ ಅಲುಗಾಡುವುದಿಲ್ಲ. ಯಂತ್ರಕಲಿಕೆಯನ್ನು ಈ ಮಳೆಯ ಮೇಲೆ ಕೂರಿಸಿದರೆ ನಾನು ಕೈಯಾರೆ ಮಾಡಿದ್ದನ್ನೇ ಅದು ಇನ್ನೂ ನಯವಾಗಿ ಮಾಡುತ್ತದೆ. ಭೂಮಿಯ ಗುರುತ್ವದ ಏರಿಳಿತದಿಂದ ನೀರನ್ನು ಅಂದಾಜು ಮಾಡುವ ಗ್ರೇಸ್ (GRACE) ಉಪಗ್ರಹಗಳ ಅಂತರ್ಜಲ ನಕ್ಷೆಯಿಂದ ತಿದ್ದಿಕೊಳ್ಳುವ ಆಸೆಯೂ ಬೇಡ. ಸುಮಾರು 300 ಕಿಲೋಮೀಟರ್ ಅಗಲದ ಅದರ ನೋಟಕ್ಕೆ ನಮ್ಮ ಕಣಿವೆ ಪ್ರತ್ಯೇಕವಾಗಿ ಕಾಣುವುದೇ ಇಲ್ಲ.

ಇವತ್ತೇ ಒಂದು ಲೆಕ್ಕ ಮಾಡಿ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 1,000 ಘನ ಮೀಟರ್ ನೀರು. ಅಳೆದ ವಾರ್ಷಿಕ ಹರಿವನ್ನು ಜಲಾನಯನದ ವಿಸ್ತೀರ್ಣಕ್ಕೆ ಹಂಚಿ, ಮಿಲಿಮೀಟರ್‌ಗೆ ತಂದು, ನಿಮ್ಮ ಮಳೆಯ ಪಕ್ಕದಲ್ಲಿಡಿ. ಹರಿವು ಮಳೆಯನ್ನು ಮೀರಿದರೆ, ಅಥವಾ ಹತ್ತಿರಕ್ಕೆ ಬಂದರೂ, ಕೊರತೆ ಮಳೆಯ ಅಂಕಿಯಲ್ಲೇ ಇದೆ; ಮಾದರಿಯ ಒಂದು ಗುಂಡಿಯನ್ನೂ ತಿರುಗಿಸಬೇಡಿ. ಆಗುಂಬೆ, ಶೃಂಗೇರಿ ಕಡೆಯ ಮಳೆಮಾಪಕಗಳ ಅಂಕಿಗಳನ್ನು ಹುಡುಕಿ. ತೋಟದ ಮನೆಗಳಲ್ಲಿ ಮಳೆ ಬರೆದಿಡುವ ಹಿರಿಯರಿದ್ದಾರೆ, ಆ ಪುಸ್ತಕಗಳನ್ನೂ ಕೇಳಿ ನೋಡಿ. ಪುಟ್ಟ ತೊಟ್ಟಿ ತುಂಬಿ ವಾಲಿದಾಗಲೆಲ್ಲ ಒಂದೊಂದಾಗಿ ಎಣಿಸಿ ತಾನಾಗಿ ದಾಖಲಿಸುವ ಮಳೆಮಾಪಕಗಳು (ಟಿಪ್ಪಿಂಗ್ ಬಕೆಟ್) ಧಾರಾಕಾರ ಮಳೆಯಲ್ಲಿ ಕಡಿಮೆ ಎಣಿಸುತ್ತವೆ, ತರಗೆಲೆ ಬಿದ್ದರೆ ಕಟ್ಟಿಕೊಳ್ಳುತ್ತವೆ. ಅವನ್ನು ಕೈಯಿಂದ ಅಳೆದ ಅಂಕಿಗಳೊಂದಿಗೆ ತಾಳೆ ನೋಡಿ.

ನೀವು ಹರಿವು ಅಳೆಯುವ ಜಾಗ ತುಂಗೆಗೆ ಕಟ್ಟಿದ ಗಾಜನೂರು ಅಣೆಕಟ್ಟೆಯ ಕೆಳಗಿದೆಯೇ? ಹಾಗಿದ್ದರೆ ಕಾಲುವೆಗೆ ಹೋದ ನೀರನ್ನು ಮೊದಲು ಕೂಡಿಸಿಕೊಳ್ಳಿ. ಅದಾದ ಮೇಲೆ ಜನವರಿಯಿಂದ ಮೇವರೆಗಿನ ಹರಿವಿಗೆ ಬೇರೆಯೇ ಅಂಕ ಹಾಕಿ, ಪ್ರಬಂಧದಲ್ಲಿ ಅದನ್ನು ಮಳೆಗಾಲದ ಅಂಕಕ್ಕಿಂತ ಮೊದಲು ಬರೆಯಿರಿ.