ಕಡ್ಡಿ ಬಿದ್ದರೆ ಬಗ್ಗಬೇಡ

ಪ್ರಶ್ನೆ: ನನ್ನ ಮಗಳು 8ನೇ ತರಗತಿ. ಈ ವರ್ಷ ಶಾಲೆಯ ಬ್ಯಾಂಡ್‌ಸೆಟ್‌ಗೆ ಸೇರಿದ್ದಾಳೆ, ಸೈಡ್ ಡ್ರಮ್. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅಭ್ಯಾಸ. ಮನೆಗೆ ಬಂದರೂ ತಟ್ಟೆ, ಡಬ್ಬಿ ಬಡಿಯುತ್ತಲೇ ಇರುತ್ತಾಳೆ. ಗಣಿತದ ಅಂಕ ಇಳಿದಿದೆ. ‘ಹೆಣ್ಣುಮಗು ಡ್ರಮ್ ಬಡಿದು ಏನು ಸಾಧಿಸಬೇಕು?’ ಅಂತಾರೆ ನಮ್ಮ ಮಾವ. ಬಿಡಿಸಿಬಿಡಲೇ?
– ಒಬ್ಬ ತಾಯಿ, ಸಾಗರ

ಉತ್ತರ: ಮೊದಲು ನಿಮ್ಮ ಮಾವನವರಿಗೆ ಹೇಳಿಬಿಡುತ್ತೇನೆ. 2025ರ ಜನವರಿ 26ರಂದು ಕರ್ತವ್ಯಪಥದಲ್ಲಿ ನಡೆದ ದೆಹಲಿ ಪೊಲೀಸರ ಬ್ಯಾಂಡ್ ಪೂರ್ತಿ ಹೆಂಗಸರದ್ದೇ. ಟೀವಿಯಲ್ಲಿ ಅವರೂ ನೋಡಿರಬಹುದು. ಮರೆತಿದ್ದಾರೆ, ಅಷ್ಟೇ.

ಇನ್ನು ನಿಮ್ಮ ವಿಷಯ. ನಾನು 26 ವರ್ಷ ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಬ್ಯಾಂಡ್‌ಸೆಟ್ ನನ್ನ ತಲೆಗೇ ಕಟ್ಟಿದ್ದರು. ಡ್ರಮ್ ಬಾರಿಸಿದರೆ ಗಣಿತ ಬರುತ್ತದೆ ಅಂತ ಹೇಳಲಾರೆ, ಹಾಗಾದದ್ದನ್ನು ನಾನು ಕಂಡಿಲ್ಲ. ಶಿಸ್ತು ಬರುತ್ತದೆ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದರಲ್ಲೂ ನನಗೆ ಅರ್ಧವೇ ನಂಬಿಕೆ. ಮೆರವಣಿಗೆ ಮುಗಿದು ಐದು ನಿಮಿಷಕ್ಕೆ ನಮ್ಮ ಹುಡುಗರು ನಲ್ಲಿ ಹತ್ತಿರ ಗುದ್ದಾಡುತ್ತಿದ್ದರು.

ಆದರೆ ಒಂದನ್ನು ಮಾತ್ರ ಅವರು ಖಂಡಿತ ಕಲಿಯುತ್ತಿದ್ದರು. ತಪ್ಪಿದ ಮೇಲೆ ಏನು ಮಾಡಬೇಕು ಅನ್ನುವುದು.

ಒಂದು ಆಗಸ್ಟ್ 15. ರಾತ್ರಿಯಿಡೀ ಮಳೆ ಹೊಡೆದು ತಾಲ್ಲೂಕು ಮೈದಾನವೆಲ್ಲ ಕೆಸರು. ನಮ್ಮ ತಂಡ ಸರಿಯಾಗಿ ವೇದಿಕೆ ಮುಂದೆ ಬಂದಾಗ ಎರಡನೇ ಸಾಲಿನ ಹುಡುಗಿಯ ಬಲಗೈ ಕಡ್ಡಿ ಜಾರಿ ಬಿತ್ತು. ನನ್ನ ಎದೆ ಧಸಕ್ಕೆಂದಿತು. ಅವಳು ಬಗ್ಗಿದ್ದರೆ ಹಿಂದಿನವಳು ಮೈಮೇಲೇ ಬೀಳುತ್ತಿದ್ದಳು. ಬಗ್ಗಲಿಲ್ಲ. ಎಡಗಾಲು ಬಿದ್ದಾಗಲೆಲ್ಲ ಎಡಗೈಯಲ್ಲೇ ಒಂದೊಂದು ಪೆಟ್ಟು ಹಾಕುತ್ತಾ ನಡೆದಳು. ಪಕ್ಕದ ಹುಡುಗ ತಿರುಗಿಯೂ ನೋಡದೆ ತನ್ನ ಪೆಟ್ಟನ್ನು ಸ್ವಲ್ಪ ಜೋರು ಮಾಡಿದ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಮುಂದಿನ ವರ್ಷದಿಂದ ಎಲ್ಲರ ಬೆಲ್ಟಿಗೂ ಇನ್ನೊಂದು ಕಡ್ಡಿ ಸಿಕ್ಕಿಸಿದೆ.

ನೋಟ್‌ಬುಕ್ಕಿನಲ್ಲಿ ತಪ್ಪಿದರೆ ಅಳಿಸಿ ಬರೆಯಬಹುದು. ಬ್ಯಾಂಡ್ ನಡೆಯುತ್ತಿರುತ್ತದೆ, ಯಾರಿಗೂ ಕಾಯುವುದಿಲ್ಲ. ನಿಮಿಷಕ್ಕೆ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಎರಡು. ತಪ್ಪಿದವರು ಒಂದೆರಡು ಪೆಟ್ಟು ಬಿಟ್ಟು, ಮುಂದಿನ ಎಡಗಾಲಿಗೆ ಬಂದು ಸೇರಿಕೊಳ್ಳಬೇಕು. ಅಳುವುದು, ಪಕ್ಕದವರನ್ನು ಬೈಯುವುದು ಎಲ್ಲ ಆಮೇಲೆ. ಈ 120 ಕೂಡ ಬಾಯಲ್ಲಿ ಹೇಳುವಷ್ಟು ಸುಲಭ ಅಲ್ಲ. ಜನ ಕಂಡ ಕೂಡಲೇ ಮಕ್ಕಳ ಕೈ ಓಡಲು ಶುರು. ಅದಕ್ಕೆ ನಾನು ಸ್ಟಾಫ್‌ರೂಮಿನ ಗೋಡೆ ಗಡಿಯಾರವನ್ನೇ ತಂದು ಮೈದಾನದ ಕಂಬಕ್ಕೆ ನೇತುಹಾಕುತ್ತಿದ್ದೆ. ಸೆಕೆಂಡ್ ಮುಳ್ಳು ಒಮ್ಮೆ ಟಿಕ್ ಅಂದರೆ ಎರಡು ಹೆಜ್ಜೆ. (ಗಂಟೆ ನೋಡಲಾಗದ ಉಳಿದ ಮೇಷ್ಟ್ರುಗಳು ಏನಂದರು ಅಂತ ಇಲ್ಲಿ ಬರೆಯುವುದಿಲ್ಲ.)

ತಿರುವಿನಲ್ಲಿ ಇನ್ನೊಂದು ಮಜಾ ಇದೆ. ಸಾಲು ಎಡಕ್ಕೆ ತಿರುಗುವಾಗ ಒಳತುದಿಯ ಹುಡುಗ ಹೆಚ್ಚುಕಡಿಮೆ ನಿಂತಲ್ಲೇ ಕಾಲು ಹಾಕಬೇಕು. ಹೊರತುದಿಯ ಹುಡುಗಿ ದಾಪುಗಾಲು ಹಾಕಬೇಕು. ತಾಳ ಇಬ್ಬರಿಗೂ ಒಂದೇ. ಪಕ್ಕದವರ ಭುಜವನ್ನು ಓರೆಗಣ್ಣಲ್ಲಿ ಗಮನಿಸದಿದ್ದರೆ ಸಾಲು ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಮಾತು ಬಿಟ್ಟುಕೊಂಡವರನ್ನು ನಾನು ಬೇಕೆಂತಲೇ ಅಕ್ಕಪಕ್ಕ ನಿಲ್ಲಿಸುತ್ತಿದ್ದೆ. ಎಲ್ಲರೂ ಸ್ನೇಹಿತರಾಗಲಿಲ್ಲ, ನಿಜ. ತಿರುವು ಮಾತ್ರ ನೆಟ್ಟಗೆ ಬರುತ್ತಿತ್ತು.

ಆದ್ದರಿಂದ ಬಿಡಿಸಬೇಡಿ. ಆದರೆ ದಿನಕ್ಕೆ ಎರಡು ಗಂಟೆ ಜಾಸ್ತಿಯೇ. ಆಗಸ್ಟ್‌ಗೆ ಮುಂಚಿನ ಎರಡು-ಮೂರು ವಾರ ಸರಿ, ಉಳಿದಂತೆ ವಾರಕ್ಕೆ ಎರಡು ಸಂಜೆ ಸಾಕು. ಇದನ್ನು ಅವಳೇ ಹೋಗಿ ಮೇಷ್ಟ್ರ ಹತ್ತಿರ ಕೇಳಲಿ, ನೀವು ಹಿಂದೆ ನಿಂತಿರಿ. ತಟ್ಟೆ ಉಳಿಸಿಕೊಳ್ಳಲು ಹಳೇ ಟೈರಿನ ತುಂಡೊಂದನ್ನು ಹಲಗೆಗೆ ಮೊಳೆ ಹೊಡೆದು ಕೊಡಿ. ಅದರ ಮೇಲೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಅಂತ ನಿಧಾನವಾಗಿ ಬಾರಿಸಲಿ. ಎಡತೊಡೆ ನೀಲಿಗಟ್ಟಿದ್ದರೆ ಡ್ರಮ್ಮಿನ ಪಟ್ಟಿ ಉದ್ದವಾಯಿತು ಅಂತ ಅರ್ಥ. ತಿಂಡಿ ತಿನ್ನದೆ ಕಳಿಸಬೇಡಿ. ಭಾಷಣದ ಹೊತ್ತಿನಲ್ಲಿ ಮಂಡಿ ಬಿಗಿ ಹಿಡಿದು ನಿಲ್ಲದೆ, ಶೂ ಒಳಗೇ ಕಾಲ್ಬೆರಳು ಆಡಿಸುತ್ತಿರಲಿ. ನಾನು ಕಂಡ ಹಾಗೆ ತಲೆಸುತ್ತಿ ಬೀಳುವವರು ಕಂಬದ ಹಾಗೆ ನಿಂತವರೇ.

ಪ್ರಶ್ನೆ: ಮೇಷ್ಟ್ರೇ, ನಮ್ಮ ಬ್ಯಾಂಡ್‌ಸೆಟ್‌ನಲ್ಲಿ ಎಲ್ಲರಿಗೂ ಡ್ರಮ್ ಕೊಟ್ಟು ನನಗೆ ಬರೀ ಸಿಂಬಲ್ (ಒಂದಕ್ಕೊಂದು ತಾಗಿಸುವ ಲೋಹದ ತಟ್ಟೆಗಳ ಜೋಡಿ) ಕೊಟ್ಟಿದ್ದಾರೆ. 16 ಎಣಿಸಿ ಒಂದು ಸಲ ಝಣ್ ಅನ್ನಿಸಬೇಕು, ಅಷ್ಟೇ ಕೆಲಸ. ಸ್ನೇಹಿತರು ‘ಪಾತ್ರೆ ಅಂಗಡಿ’ ಅಂತಾರೆ.
– 9ನೇ ತರಗತಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮರಿ, ಡ್ರಮ್‌ನವನು ಒಂದು ಪೆಟ್ಟು ಬಿಟ್ಟರೆ ಮುಚ್ಚಿಹಾಕಲು ಇನ್ನೂ ಎಂಟು ಜನ ಇದ್ದಾರೆ. ನೀನು ಹದಿನೈದಕ್ಕೇ ಹೊಡೆದರೆ ತಹಶೀಲ್ದಾರರಿಗೂ ಗೊತ್ತಾಗುತ್ತದೆ. ನಾನಂತೂ ಸಿಂಬಲ್ ಯಾರಿಗೂ ಸುಮ್ನೆ ಕೊಟ್ಟವನಲ್ಲ. ಅವಸರದವರ ಕೈಗೆ ಡ್ರಮ್, ಕಾಯಲು ಬರುವವರ ಕೈಗೆ ಸಿಂಬಲ್.

ಎರಡು ಮಾತು ಹೇಳುತ್ತೇನೆ, ಮಾಡಿ ನೋಡು. ಚಪ್ಪಾಳೆಯ ಹಾಗೆ ಎರಡನ್ನೂ ಸಮನಾಗಿ ತಟ್ಟಬೇಡ. ನಡುವೆ ಗಾಳಿ ಸಿಕ್ಕಿಕೊಂಡು ಥಪ್ ಅನ್ನುತ್ತದೆ. ಸ್ವಲ್ಪ ಓರೆಯಾಗಿ, ಉಜ್ಜಿದ ಹಾಗೆ ತಾಗಿಸು, ಆಗ ನಾದ ಬಿಚ್ಚಿಕೊಳ್ಳುತ್ತದೆ. ಇನ್ನು, 16ರವರೆಗೆ ಒಂದೇ ಸಮ ಎಣಿಸಬೇಡ, ಎಲ್ಲೋ ಕಳೆದುಹೋಗುತ್ತೀಯ. ‘ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು’ ಅಂತ ನಾಲ್ಕು ನಾಲ್ಕರ ಕಟ್ಟು ಮಾಡಿಕೊ, ಮೊದಲ ಅಂಕಿ ಎಷ್ಟನೇ ಕಟ್ಟು ಅಂತ ಹೇಳುತ್ತದೆ. ಎಣಿಸುವಾಗ ತುಟಿ ಅಲ್ಲಾಡಿಸಬೇಡ. ವೇದಿಕೆಯಿಂದ ಕಾಣುತ್ತದೆ.