ಓದುಗರ ಪ್ರಶ್ನೆ: ತಾರಸಿಯ ದಂಟು, ರಜೆಯ ಮಕ್ಕಳು

ಪ್ರಶ್ನೆ: ಮಂಡ್ಯದಲ್ಲಿ ಮನೆ. ಜಾಗವೆಂದರೆ ತಾರಸಿ ಮಾತ್ರ. ಆರು ಮತ್ತು ಒಂಬತ್ತು ವರ್ಷದ ಮಕ್ಕಳು ತಟ್ಟೆಯಲ್ಲಿ ಸೊಪ್ಪು ಬಿಟ್ಟೇಳುತ್ತಾರೆ. ಬೆಳೆದವರ ಶ್ರಮ ತಿಳಿಯಲಿ ಎಂದು ರಜೆ ಶುರುವಾದಾಗ ಕುಂಡದಲ್ಲಿ ಮೆಂತ್ಯ ಹಾಕಿಸಿದೆ. ವಾರದಲ್ಲಿ ಮೊಳಕೆ ಮಲಗಿತು, ಮಕ್ಕಳೂ ಕೈಬಿಟ್ಟರು. ಈಗ ಏಪ್ರಿಲ್ ಮುಗಿಯುತ್ತಿದೆ. ಮತ್ತೆ ಶುರು ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಮೆಂತ್ಯ ಬೇಡ. ಅದಕ್ಕೆ ತಂಪು ಬೇಕು. ಒಂದು ಸತ್ತ ಮೊಳಕೆಯನ್ನು ಮಕ್ಕಳಿಂದಲೇ ಕೀಳಿಸಿ ನೋಡಿ. ಮಣ್ಣಿಗೆ ತಾಗುವಲ್ಲಿ ಕಾಂಡ ದಾರದಂತೆ ಸೊರಗಿ ಕಂದಾಗಿದ್ದರೆ ಅದು ಕೊಳೆರೋಗ: ಒತ್ತಾಗಿ ಬಿತ್ತಿ, ನೀರು ಹೆಚ್ಚು ಹಾಕಿದ್ದೀರಿ. ಕಾಂಡ ಗಟ್ಟಿಯಿದ್ದು ಎಲೆಯ ಅಂಚು ಒಣಗಿದ್ದರೆ ಬಿಸಿಲಿನ ಕಾಟ. ಈ ತನಿಖೆ ಮಕ್ಕಳಿಗೆ ಬಿತ್ತನೆಗಿಂತ ರುಚಿಸುವುದುಂಟು.

ದಂಟು ಬಿತ್ತಿ. 25-30 ದಿನಕ್ಕೆ ಕೊಯ್ಲು, ಮೇ ಕೊನೆಗೆ ಶಾಲೆ ತೆರೆಯುವ ಮೊದಲೇ ಕೈಗೆ ಸಿಗುತ್ತದೆ. ಬೆಂಡೆಗೆ 45-50 ದಿನ ಬೇಕು, ಅದು ಕಾಯಿ ಬಿಡುವ ಹೊತ್ತಿಗೆ ಮಕ್ಕಳು ಹೋಂವರ್ಕಿನಲ್ಲಿರುತ್ತಾರೆ.

ಟೊಮೆಟೊ ಕ್ರೇಟಿಗೆ ಹಳೆಯ ಗೋಣಿ ಹಾಸಿ ಆರು ಇಂಚು ಮಣ್ಣು ತುಂಬಿ: ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು, ತೆಂಗಿನ ನಾರಿನ ಪುಡಿ ಒಂದು. ಪುಡಿಯನ್ನು ಎರಡು ಮೂರು ಸಲ ತೊಳೆಯಿರಿ, ಇಲ್ಲದಿದ್ದರೆ ಅದರ ಉಪ್ಪು ಎಳೆ ಬೇರನ್ನು ಸುಡುತ್ತದೆ. ಹಸಿ ಸಗಣಿ ಖಂಡಿತ ಬೇಡ. ಕ್ರೇಟನ್ನು ನಾಲ್ಕು ಇಟ್ಟಿಗೆಯ ಮೇಲಿಡಿ. ಕಾದ ತಾರಸಿಯ ಮೇಲೆ ನೇರವಾಗಿಟ್ಟರೆ ಬೇರು ಬೇಯುತ್ತದೆ.

ಎರಡು ಚಿಟಿಕೆ ಬೀಜವನ್ನು ಒಂದು ಹಿಡಿ ಒಣ ಮರಳಿನಲ್ಲಿ ಕಲೆಸಿ ಎರಚಿ. ಮೇಲೆ ಮಣ್ಣು ತೆಳ್ಳಗೆ ಉದುರಿಸಿದರೆ ಸಾಕು, ಆಳಕ್ಕೆ ಹೋದರೆ ಹುಟ್ಟದು. ಇರುವೆ ಬೀಜ ಹೊತ್ತೊಯ್ಯುತ್ತದೆ, ಅದಕ್ಕೆ ಅಂಚಿನಲ್ಲಿ ಸ್ವಲ್ಪ ರವೆ ಚೆಲ್ಲಿ. ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಿಂದ ಬೆಳಿಗ್ಗೆ ಏಳರೊಳಗೆ ನೀರು. ಮೊಳೆತ ಮೇಲೆ ಬೆರಳನ್ನು ಒಂದು ಇಂಚು ಇಳಿಸಿ ನೋಡಿ, ಮಣ್ಣು ಅಂಟಿದರೆ ಆ ಹೊತ್ತು ನೀರು ಬೇಡ. ಮಧ್ಯಾಹ್ನಕ್ಕೆ ಹಳೆಯ ಕಾಟನ್ ಸೀರೆಯ ನೆರಳು ಕಟ್ಟಿ. ಹತ್ತರ ಮೇಲೆ ಮಕ್ಕಳನ್ನು ತಾರಸಿಗೆ ಬರಿಗಾಲಲ್ಲಿ ಬಿಡಬೇಡಿ.

ಹನ್ನೆರಡನೆಯ ದಿನ ಒತ್ತಾದ ಸಸಿಗಳನ್ನು ಎರಡು ಇಂಚಿಗೊಂದು ಉಳಿಯುವಂತೆ ಕೀಳಿಸಿ. ಕಿತ್ತದ್ದನ್ನು ಬಿಸಾಡದೆ ಅಂದೇ ಒಗ್ಗರಣೆಗೆ ಹಾಕಿ. ಆರು ವರ್ಷದವರ ತಾಳ್ಮೆ ಅಷ್ಟೇ ದಿನ, ಅಷ್ಟರಲ್ಲಿ ನಾಲಿಗೆಗೆ ಏನಾದರೂ ಸಿಗಬೇಕು. ಪೂರ್ತಿ ಕೊಯ್ಲಿನಲ್ಲಿ ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಇನ್ನು ಶ್ರಮ ತಿಳಿಯುವ ಮಾತು. ಒಬ್ಬೊಬ್ಬರಿಗೆ ಒಂದೊಂದು ಕ್ರೇಟು ಕೊಡಿ. ಅವರು ಮರೆತ ದಿನ ನೀವು ಗುಟ್ಟಾಗಿ ನೀರು ಹಾಕಬೇಡಿ, ಬಾಡಿದರೆ ಬಾಡಲಿ. ಉಪದೇಶವೂ ಬೇಡ. ನಿಮ್ಮ ಸೀಮೆಯಲ್ಲಿ ಯುಗಾದಿಗೆ ಹೊನ್ನಾರು (ವರ್ಷದ ಮೊದಲ ಉಳುಮೆ) ಕಟ್ಟುವಾಗ, ಕಣದಲ್ಲಿ ರಾಶಿಪೂಜೆ ಮಾಡುವಾಗ ಯಾರೂ ಭಾಷಣ ಮಾಡುವುದಿಲ್ಲ, ಮಣ್ಣಿಗೂ ದನಕ್ಕೂ ಕೈಮುಗಿಯುತ್ತಾರೆ ಅಷ್ಟೆ. ಮೊದಲ ಕೊಯ್ಲಿನ ಸೊಪ್ಪಿಗೂ ಅರಿಶಿನ ಕುಂಕುಮ ಇಡಿಸಿ. ಒಂದು ಕಟ್ಟನ್ನು ಪಕ್ಕದ ಮನೆಗೆ ಮಕ್ಕಳೇ ಕೊಟ್ಟು ಬರಲಿ, ಉಳಿದದ್ದು ಬಸ್ಸಾರಿಗೆ. ಆಮೇಲೆ ಸಂತೆಯಲ್ಲಿ ದಂಟಿನ ಕಟ್ಟಿನ ಬೆಲೆಯನ್ನು ಅವರೇ ಕೇಳಲಿ. ತಿಂಗಳ ದುಡಿಮೆಗೆ ಇಷ್ಟೇ ಕಾಸೇ ಎನ್ನುವ ಲೆಕ್ಕ ಒಂಬತ್ತು ವರ್ಷದವರಿಗೆ ತಾನಾಗಿ ಹೊಳೆಯುತ್ತದೆ.

ಪ್ರಶ್ನೆ: ಮೈಸೂರಿನಲ್ಲಿದ್ದೇವೆ. ಮೊಮ್ಮಗಳು ಹಕ್ಕಿಗಳಿಗೆ ಬಟ್ಟಲಲ್ಲಿ ನೀರಿಡುತ್ತಾಳೆ. ಸೊಳ್ಳೆ ಹುಟ್ಟದೇ?

ಉತ್ತರ: ನೀರು ನಿಂತರೆ ಹುಟ್ಟುತ್ತದೆ. ದಿನವೂ ಚೆಲ್ಲಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ಡೆಂಗ್ಯೂ ಹರಡುವ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಬರೀ ಚೆಲ್ಲಿದರೆ ಹೋಗದು. ಮಣ್ಣಿನ ಬಟ್ಟಲು, ಎರಡು ಇಂಚು ನೀರು, ಜೇನ್ನೊಣ ಕೂರಲು ನಡುವೆ ಒಂದು ಕಲ್ಲು. ಕುಂಡಗಳ ಕೆಳಗಿನ ತಟ್ಟೆಯನ್ನೂ ಮರೆಯದೆ ಬಗ್ಗಿಸಿ. ಹಕ್ಕಿಯ ಬಟ್ಟಲಿನ ಮೇಲೆ ಹೊರಿಸುವ ತಪ್ಪು ಎಷ್ಟೋ ಸಲ ಆ ತಟ್ಟೆಯದೇ.