‘ಮಾತ್ರೆ ತಗೊಂಡಿದ್ದೆ ಮೇಡಂ, ಎಚ್‌ಐವಿ ರಿಪೋರ್ಟ್ ನಂಬಬಹುದಾ?’

ಗುರುತು ಸಿಗಬಾರದು ಅಂತ ಊರು, ಕೆಲಸ, ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನಿಗೆ ಇಪ್ಪತ್ತಾರರ ಆಸುಪಾಸು. ನಮ್ಮ ಐಸಿಟಿಸಿಗೆ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಬಂದಾಗ ಖಾಸಗಿ ಲ್ಯಾಬ್‌ನ ಎರಡು ರಿಪೋರ್ಟ್ ತಂದಿದ್ದ. ಎರಡೂ ನೆಗೆಟಿವ್. ಆದರೂ ಮುಖದಲ್ಲಿ ಕಳೆ ಇರಲಿಲ್ಲ.

ನಾಲ್ಕು ತಿಂಗಳ ಹಿಂದೆ ಕಾಂಡೋಮ್ ಇಲ್ಲದೆ ಒಮ್ಮೆ ಸಂಪರ್ಕ ಆಗಿತ್ತು. ಸ್ವಲ್ಪ ದಿನಕ್ಕೆ ಜ್ವರ, ಗಂಟಲು ನೋವು, ಉರಿಮೂತ್ರ. ಡಾಕ್ಟರ್ ಹತ್ತಿರ ಹೋಗಲು ನಾಚಿಕೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ನುಂಗಿದ್ದ. ‘ಆ್ಯಂಟಿಬಯಾಟಿಕ್ ವೈರಸ್ಸನ್ನ ಒಳಗೇ ಅಡಗಿಸಿಟ್ಟಿದೆ, ಅದಕ್ಕೇ ಟೆಸ್ಟ್‌ನಲ್ಲಿ ಬಂದಿಲ್ಲ’ ಅನ್ನುವುದು ಆತನ ಭಯ. ಮನೆಯಲ್ಲಿ ಮದುವೆ ಮಾತು ಬೇರೆ ನಡೆದಿತ್ತು.

ಬೈಯುವುದರಿಂದ ಏನೂ ಪ್ರಯೋಜನವಿಲ್ಲ. ‘ಏನೇನು ತಗೊಂಡೆ, ಎಲ್ಲ ತೋರಿಸು’ ಅಂದೆ. ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲೆ ಸುರಿದ. ಅಜಿತ್ರೋಮೈಸಿನ್‌ನ ಖಾಲಿ ಸ್ಟ್ರಿಪ್, ಪ್ಯಾರಾಸಿಟಮಾಲ್, ಸೆಟಿರಿಜಿನ್, ಅರ್ಧ ಮುಗಿದ ಗ್ಯಾಸ್ಟ್ರಿಕ್ ಮಾತ್ರೆ. ಒಂದೊಂದನ್ನೇ ಕೈಗೆತ್ತಿಕೊಂಡು ಮಾತಾಡಿದೆವು.

ನಮ್ಮ ಕಿಟ್ ಹುಡುಕುವುದು ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಎಚ್‌ಐವಿ ವೈರಸ್‌ಗೂ ಪ್ರತಿಕಾಯಕ್ಕೂ ಅದರಿಂದ ಏನೂ ಆಗುವುದಿಲ್ಲ. ಜ್ವರದ ಮಾತ್ರೆ, ಅಲರ್ಜಿ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆಗಳ ಕಥೆಯೂ ಅಷ್ಟೇ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರೂ ಇದನ್ನೇ ಕೇಳುತ್ತಾರೆ. ಅವರಿಗೂ ಇದೇ ಉತ್ತರ.

ಹಾಗಾದರೆ ಆ ರಿಪೋರ್ಟ್‌ಗಳನ್ನು ನಂಬಬಹುದಾ? ಮೊದಲನೆಯದರ ತಾರೀಖು ನೋಡಿದೆ. ಸಂಪರ್ಕವಾಗಿ ಎರಡು ವಾರವೂ ಆಗಿರಲಿಲ್ಲ. ಅಷ್ಟು ಬೇಗ ಮಾಡಿಸಿದರೆ ಸೋಂಕು ಇದ್ದರೂ ನೆಗೆಟಿವ್ ಬರಬಹುದು. ಇದಕ್ಕೆ ಕಾರಣ ಮಾತ್ರೆಯಲ್ಲ, ವಿಂಡೋ ಪೀರಿಯಡ್. ಅಂದರೆ ಸೋಂಕು ತಗುಲಿದ ಮೇಲೆ ಅದು ಟೆಸ್ಟ್‌ಗೆ ಸಿಗುವವರೆಗಿನ ಅವಧಿ. ಪ್ರತಿಕಾಯದ ಜೊತೆ ವೈರಸ್‌ನ ಅಂಶವನ್ನೂ ಹುಡುಕುವ, ಲ್ಯಾಬ್‌ನ ನಾಲ್ಕನೇ ತಲೆಮಾರಿನ ಟೆಸ್ಟ್ ಸೋಂಕು ಹಿಡಿಯಲು ಸಾಮಾನ್ಯವಾಗಿ 18ರಿಂದ 45 ದಿನ ಬೇಕು. ರ‍್ಯಾಪಿಡ್ ಕಿಟ್‌ಗೆ 90 ದಿನದವರೆಗೂ ಬೇಕಾಗಬಹುದು. ಎರಡನೇ ರಿಪೋರ್ಟ್ ಏಳು ವಾರಕ್ಕೆ ಮಾಡಿಸಿದ್ದು, ನಾಲ್ಕನೇ ತಲೆಮಾರಿನ ಟೆಸ್ಟ್ ಆಗಿದ್ದರೆ ಲೆಕ್ಕಕ್ಕೆ ಸಾಕು.

ಹೊರಡುವ ಮುಂಚೆ ಸುಮ್ನೆ ಇನ್ನೊಂದು ಮಾತು ಕೇಳಿದೆ. ‘ವಿಟಮಿನ್, ಪೌಡರ್, ಕೂದಲಿಗೆ ಅಂತ ಏನಾದ್ರೂ?’ ‘ಅದು ಔಷಧ ಅಲ್ವಲ್ಲ ಮೇಡಂ’ ಅಂತ ಬ್ಯಾಗ್‌ನಿಂದ ಒಂದು ಡಬ್ಬಿ ತೆಗೆದ. ಬಯೋಟಿನ್, 10 ಮಿಲಿಗ್ರಾಂ. ದೇಹಕ್ಕೆ ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ ಆಸುಪಾಸು ಅಷ್ಟೇ. ಕೂದಲು ಉದುರುತ್ತದೆ ಅಂತ ತಿಂಗಳುಗಟ್ಟಲೆ ತಿಂದಿದ್ದಾನೆ.

ಆ ಕವರ್‌ನಲ್ಲಿದ್ದ ಯಾವ ಮಾತ್ರೆಗಿಂತಲೂ ಇದು ಮುಖ್ಯ. ಲ್ಯಾಬ್‌ನ ಕೆಲವು ಟೆಸ್ಟ್‌ಗಳ ರಾಸಾಯನಿಕದಲ್ಲೇ ಬಯೋಟಿನ್ ಬಳಸುತ್ತಾರೆ. ರಕ್ತದಲ್ಲೂ ಅದು ವಿಪರೀತ ಇದ್ದರೆ ಫಲಿತಾಂಶ ತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಎಲ್ಲ ಮೆಷಿನ್‌ಗಳಲ್ಲೂ ಹೀಗಾಗುವುದಿಲ್ಲ. ಆದರೆ ಯಾವ ಮೆಷಿನ್ ಅಂತ ಆತನ ರಿಪೋರ್ಟ್‌ನಲ್ಲಿ ಇರಲಿಲ್ಲ. ಮೂರು ದಿನ ಬಯೋಟಿನ್ ನಿಲ್ಲಿಸಿ ಬಾ, ಇಲ್ಲೇ ಉಚಿತವಾಗಿ ಟೆಸ್ಟ್ ಮಾಡೋಣ ಅಂದೆ.

ಸಂಪರ್ಕದ ನಂತರ ಎಚ್‌ಐವಿ ತಡೆಯಲು ಕೊಡುವ ಪಿಇಪಿ ಮಾತ್ರೆ ತಗೊಂಡಿದ್ಯಾ ಅಂತಲೂ ಕೇಳಿದೆ. ಇಲ್ಲ ಅಂದ. ಇದನ್ನು ಕೇಳಲೇಬೇಕು. ಸಂಪರ್ಕವಾಗಿ 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೊಳ್ಳುವ ಈ ಔಷಧ ನೇರವಾಗಿ ವೈರಸ್ ಮೇಲೇ ಕೆಲಸ ಮಾಡುತ್ತದೆ. ಸೋಂಕು ತಗುಲಿದ್ದರೂ ಪ್ರತಿಕಾಯ ಮೂಡುವುದು ತಡವಾಗಬಹುದು. ಹಾಗಾಗಿ ಟೆಸ್ಟ್ ಯಾವಾಗ ಅನ್ನುವ ಲೆಕ್ಕ ಬೇರೆ ಆಗುತ್ತದೆ. ಸೋಂಕು ತಗುಲದಂತೆ ಸಂಪರ್ಕಕ್ಕೂ ಮೊದಲೇ ತಗೊಳ್ಳುವ ಪ್ರೆಪ್ ಔಷಧದವರಿಗೂ ಹಾಗೇ. ಕಿಮೋಥೆರಪಿಯಲ್ಲಿರುವವರು, ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವವರೂ ಮೊದಲೇ ಹೇಳಬೇಕು. ಅವರಲ್ಲಿ ಪ್ರತಿಕಾಯವೇ ಸರಿಯಾಗಿ ಮೂಡದೆ ಇರಬಹುದು.

ಎಚ್‌ಐವಿ ಇದ್ದು ಅದರ ಚಿಕಿತ್ಸೆಯ ಎಆರ್‌ಟಿ ಮಾತ್ರೆ ತಗೊಳ್ಳುತ್ತಿರುವ ಕೆಲವರು ಸದ್ದಿಲ್ಲದೆ ಹೊರಗೆ ಮತ್ತೆ ಟೆಸ್ಟ್ ಮಾಡಿಸುತ್ತಾರೆ. ಆ ಆಸೆ ನನಗೆ ಅರ್ಥವಾಗುತ್ತದೆ. ಸೋಂಕಿನ ಶುರುವಿನಲ್ಲೇ ಔಷಧ ಹಿಡಿದ ಕೆಲವರಲ್ಲಿ ನೆಗೆಟಿವ್ ಬರುವುದೂ ಉಂಟು. ಅದು ವಾಸಿಯಾದ ಲಕ್ಷಣ ಅಲ್ಲ. ದಯವಿಟ್ಟು ಅದನ್ನು ನಂಬಿ ಮಾತ್ರೆ ಬಿಡಬೇಡಿ.

ಈ ಹುಡುಗನ ವಿಷಯದಲ್ಲಿ ಆ್ಯಂಟಿಬಯಾಟಿಕ್ ತೊಂದರೆ ಕೊಟ್ಟಿದ್ದು ಬೇರೆ ಕಡೆ. ಉರಿಮೂತ್ರಕ್ಕೆ ಏನು ಕಾರಣ ಅಂತ ಪರೀಕ್ಷೆಯೇ ಆಗಿರಲಿಲ್ಲ. ಮೊದಲೇ ಆ್ಯಂಟಿಬಯಾಟಿಕ್ ನುಂಗಿದರೆ ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ಸೋಂಕು ಅರ್ಧ ಉಳಿದಿದ್ದರೂ ರಿಪೋರ್ಟ್‌ನಲ್ಲಿ ಏನೂ ಇಲ್ಲ ಅಂತ ಬರಬಹುದು. ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ, ನಮ್ಮದೇ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಕಳಿಸಿದೆ. ನುಂಗಿದ ಮಾತ್ರೆಯ ಸ್ಟ್ರಿಪ್ ಕೈಯಲ್ಲೇ ಇಟ್ಕೊಂಡು ಹೋಗು ಅಂದೆ. ಅಲ್ಲಿನ ಡಾಕ್ಟರ್ ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿದರು.

ಮುಂದಿನ ವಾರ ಬಂದ. ಬಯೋಟಿನ್ ನಿಲ್ಲಿಸಿದ್ದ. ಎಚ್‌ಐವಿ ನೆಗೆಟಿವ್, ಸಿಫಿಲಿಸ್ ಕೂಡ ಇಲ್ಲ. ‘ಇನ್ನೂ ಒಂದು ಸಲ ಮಾಡಿಸಲಾ?’ ಅಂತ ಕೇಳಿದ. ಬೇಡ ಅಂದೆ. ಸಂಪರ್ಕವಾಗಿ ಮೂರು ತಿಂಗಳು ದಾಟಿದೆ, ಆಮೇಲೆ ಹೊಸ ಸಂಪರ್ಕವಿಲ್ಲ, ಪಿಇಪಿ ತಗೊಂಡಿಲ್ಲ. ಇದೇ ಕೊನೆಯ ಉತ್ತರ. ರಾತ್ರಿ ಮತ್ತೆ ಭಯ ಆದರೆ ಲ್ಯಾಬ್‌ಗೆ ಓಡುವ ಬದಲು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡು ಅಂದೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮದುವೆಗೆ ಮುಂಚೆ ಹುಡುಗಿಯನ್ನೂ ಕರೆತರಬಹುದಾ ಅಂತ ಕೇಳಿದ. ಖಂಡಿತ ಬರಬಹುದು. ಆದರೆ ಅವಳು ಮನಸಾರೆ ಒಪ್ಪಿ ಬರಬೇಕು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ. ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಮಾತಾಡುತ್ತೇನೆ, ಅವಳ ರಿಪೋರ್ಟ್ ಅವಳ ಕೈಗೇ ಕೊಡುತ್ತೇನೆ ಅಂತ ಹೇಳಿ ಕಳಿಸಿದೆ.